ಬಸುರಿ, ಬಾಣಂತಿಗೆ ಯಾವ ವಿಟಮಿನ್ ಮಾತ್ರೆ? ಕಿಣ್ವಗಳ ಲೆಕ್ಕದಲ್ಲಿ ಒಂದು ಹೋಲಿಕೆ

ತಾಯಿ ಕಾರ್ಡ್ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ, ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವ ಕೆಂಪು ಮಾತ್ರೆ ಒಂದು ಕಡೆ. ಮೆಡಿಕಲ್ ಶಾಪಿನಲ್ಲಿ ‘ಆಕ್ಟಿವ್ ಫೋಲೇಟ್’, ‘ಮೀಥೈಲ್’ ಎಂದೆಲ್ಲ ಬರೆದುಕೊಂಡು ಕೂತಿರುವ ದುಬಾರಿ ಸ್ಟ್ರಿಪ್ ಇನ್ನೊಂದು ಕಡೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಬೆಲೆ ನೋಡಿ ಹೇಳಿದ್ದಾಗಿರುತ್ತದೆ. ಇಲ್ಲಿ ಬೆಲೆ ಬಿಟ್ಟು ಕಿಣ್ವಗಳನ್ನು (ಎಂಜೈಮ್), ಅಂದರೆ ದೇಹದ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌ಗಳನ್ನು ನೋಡೋಣ. ನುಂಗಿದ ವಿಟಮಿನ್ ಯಾವ ಕಿಣ್ವಕ್ಕೆ ಹೋಗಿ ಸೇರುತ್ತದೆ, ದಾರಿಯಲ್ಲಿ ಅದಕ್ಕೆ ಏನಾಗುತ್ತದೆ ಎಂದು ಗೊತ್ತಾದರೆ ಲೇಬಲ್‌ನ ಅರ್ಧ ಮಾತು ತಾನೇ ಉದುರಿಹೋಗುತ್ತದೆ.

ಬಿ ಗುಂಪಿನ ವಿಟಮಿನ್‌ಗಳು ಶಕ್ತಿಯ ಗುಳಿಗೆಗಳಲ್ಲ, ಕಿಣ್ವಕ್ಕೆ ಬೇಕಾದ ಬಿಡಿಭಾಗಗಳು. ಬೀಸುಕಲ್ಲಿಗೆ ಹಿಡಿಗೂಟ ಇದ್ದ ಹಾಗೆ. ಗೂಟ ಇಲ್ಲದಿದ್ದರೆ ಕಲ್ಲು ಎಷ್ಟು ಚೆನ್ನಾಗಿದ್ದರೂ ತಿರುಗುವುದಿಲ್ಲ, ಎರಡು ಗೂಟ ಹೊಡೆದರೆ ಹಿಟ್ಟು ಎರಡರಷ್ಟು ಬೀಳುವುದೂ ಇಲ್ಲ. ಪ್ರಯೋಗಾಲಯದಲ್ಲಿ ಬಿ1 ಕೊರತೆ ಅಳೆಯುವ ಹಳೆಯ ವಿಧಾನ ಇದನ್ನೇ ಮಾಡುತ್ತದೆ. ಕೆಂಪು ರಕ್ತಕಣದಲ್ಲಿರುವ ಟ್ರಾನ್ಸ್‌ಕೀಟೋಲೇಸ್ ಕಿಣ್ವದ ವೇಗವನ್ನು ಒಮ್ಮೆ ಅಳೆದು, ಅದೇ ರಕ್ತಕ್ಕೆ ಬಿ1ನ ಸಿದ್ಧ ರೂಪ ಸೇರಿಸಿ ಮತ್ತೆ ಅಳೆಯುತ್ತಾರೆ. ವೇಗ ಶೇ 25ಕ್ಕಿಂತ ಹೆಚ್ಚು ಏರಿದರೆ ಆ ದೇಹದಲ್ಲಿ ಕಲ್ಲುಗಳು ಗೂಟ ಇಲ್ಲದೆ ಕೂತಿದ್ದವು ಎಂದರ್ಥ. ಏರದಿದ್ದರೆ ಇನ್ನಷ್ಟು ಬಿ1 ನುಂಗಿ ಪ್ರಯೋಜನವಿಲ್ಲ. ಬಿ2ಗೆ ಗ್ಲುಟಾಥಯೋನ್ ರಿಡಕ್ಟೇಸ್, ಬಿ6ಗೆ ಟ್ರಾನ್ಸ್‌ಅಮಿನೇಸ್ ಕಿಣ್ವಗಳಲ್ಲೂ ಇದೇ ಪರೀಕ್ಷೆ ನಡೆಯುತ್ತದೆ.

ಫೋಲಿಕ್ ಆಸಿಡ್ ಅಥವಾ ಎಲ್-ಮೀಥೈಲ್‌ಫೋಲೇಟ್

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಫೋಲಿಕ್ ಆಸಿಡ್ ಎಂದರೆ ಫೋಲೇಟ್ ಎಂಬ ಬಿ ವಿಟಮಿನ್‌ನ, ಕಾರ್ಖಾನೆಯಲ್ಲಿ ಮಾಡಿದ ಸ್ಥಿರ ರೂಪ. ದೇಹದೊಳಗೆ ಮೊದಲು ಡಿಎಚ್‌ಎಫ್‌ಆರ್ ಎಂಬ ಕಿಣ್ವ ಅದನ್ನು ಬಳಕೆಗೆ ಬರುವ ಹಾಗೆ ಮಾಡುತ್ತದೆ, ಆಮೇಲೆ ಎಂಟಿಎಚ್‌ಎಫ್‌ಆರ್ ಎಂಬ ಕಿಣ್ವ ಅದನ್ನು ಮೀಥೈಲ್‌ಫೋಲೇಟ್ ಮಾಡುತ್ತದೆ, ಅಂದರೆ ದುಬಾರಿ ಸ್ಟ್ರಿಪ್‌ನಲ್ಲಿರುವ ‘ಆಕ್ಟಿವ್ ಫೋಲೇಟ್’. ಮನುಷ್ಯನ ಯಕೃತ್ತಿನ ಡಿಎಚ್‌ಎಫ್‌ಆರ್ ನಿಧಾನದ್ದು. ಹಾಗಾಗಿ ಹೆಚ್ಚು ನುಂಗಿದಾಗ ಸ್ವಲ್ಪ ಫೋಲಿಕ್ ಆಸಿಡ್ ಹಾಗೇ ರಕ್ತದಲ್ಲಿ ತಿರುಗಾಡುತ್ತದೆ. ಅದರಿಂದ ಹಾನಿ ಎಂದು ಇಲ್ಲಿಯವರೆಗೆ ಸಾಬೀತಾಗಿಲ್ಲ.

ಎಂಟಿಎಚ್‌ಎಫ್‌ಆರ್ ಜೀನಿನಲ್ಲಿ 677ನೇ ಜಾಗದ ಬದಲಾವಣೆ ತಂದೆ, ತಾಯಿ ಇಬ್ಬರಿಂದಲೂ ಬಂದವರಲ್ಲಿ ಆ ಕಿಣ್ವದ ಕೆಲಸ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ‘ಅಂಥವರಿಗೆ ಫೋಲಿಕ್ ಆಸಿಡ್ ಹಿಡಿಸುವುದಿಲ್ಲ, ಮೀಥೈಲ್‌ಫೋಲೇಟೇ ಬೇಕು’ ಎನ್ನುವ ಪ್ರಚಾರ ಹುಟ್ಟಿದ್ದು ಇದರಿಂದ. ಆದರೆ ಅಷ್ಟೇ ಪ್ರಮಾಣದ ಫೋಲಿಕ್ ಆಸಿಡ್ ತೆಗೆದುಕೊಂಡಾಗ ಇವರ ರಕ್ತದಲ್ಲಿ ಫೋಲೇಟ್ ಮಟ್ಟ ಉಳಿದವರಿಗಿಂತ ಸುಮಾರು ಶೇ 16ರಷ್ಟು ಮಾತ್ರ ಕಡಿಮೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ ಇವರಿಗೆ ಫೋಲಿಕ್ ಆಸಿಡ್ಡನ್ನೇ ಹೇಳುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಕಿಣ್ವದ ಹಿಡಿಗೂಟ ಫೋಲೇಟ್ ಅಲ್ಲ, ಬಿ2ದಿಂದ ಬರುವ ಎಫ್‌ಎಡಿ. ಬದಲಾದ ಕಿಣ್ವದಿಂದ ಈ ಗೂಟ ಬೇಗ ಕಳಚುತ್ತದೆ. ಹಾಲು, ಮೊಸರು, ಮೊಟ್ಟೆ ಊಟದಲ್ಲಿದ್ದು ಬಿ2 ಸಾಕಷ್ಟು ಸಿಗುತ್ತಿದ್ದರೆ ಅದೇ ಕಿಣ್ವ ಎಷ್ಟೋ ಸರಿಯಾಗಿ ನಡೆಯುತ್ತದೆ. ಸಾವಿರಾರು ರೂಪಾಯಿಯ ಜೀನ್ ಪರೀಕ್ಷೆಗಿಂತ ದಿನಾ ಎರಡು ಲೋಟ ಹಾಲು, ಮೊಸರು ಅಗ್ಗ.

ಆಯ್ಕೆಯನ್ನು ನಿರ್ಧರಿಸುವ ಮಾತು ಬೇರೆಯೇ ಇದೆ. ಮಗುವಿನ ಬೆನ್ನುಹುರಿ, ಮೆದುಳು ರೂಪುಗೊಳ್ಳುವ ನರನಾಳದ ದೋಷ ತಪ್ಪುತ್ತದೆಂದು ತೋರಿಸಿದ ಪ್ರಯೋಗಗಳೆಲ್ಲ ಫೋಲಿಕ್ ಆಸಿಡ್‌ನವು. 1991ರ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ (ಎಂಆರ್‌ಸಿ) ಪ್ರಯೋಗದಲ್ಲಿ, ಹಿಂದೆ ಅಂಥ ಮಗು ಹುಟ್ಟಿದ್ದ ತಾಯಂದಿರು ದಿನಕ್ಕೆ 4 ಮಿ.ಗ್ರಾಂ ತೆಗೆದುಕೊಂಡಾಗ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. 1992ರಲ್ಲಿ ಹಂಗೇರಿಯ ಪ್ರಯೋಗದಲ್ಲಿ 0.8 ಮಿ.ಗ್ರಾಂ ಫೋಲಿಕ್ ಆಸಿಡ್ ಇದ್ದ ಮಲ್ಟಿವಿಟಮಿನ್ ತೆಗೆದುಕೊಂಡವರಲ್ಲಿ ಒಂದೂ ದೋಷ ಕಾಣಲಿಲ್ಲ, ಇನ್ನೊಂದು ಗುಂಪಿನಲ್ಲಿ ಆರು ಕಂಡವು. ಮೀಥೈಲ್‌ಫೋಲೇಟ್ ರಕ್ತದ ಮಟ್ಟವನ್ನು ಏರಿಸುತ್ತದೆ ನಿಜ, ಆದರೆ ಅದರ ಮೇಲೆ ಇಂಥ ಪ್ರಯೋಗ ನಡೆದಿಲ್ಲ. ಗರ್ಭ ಕಟ್ಟುವ ಮೊದಲು ಮತ್ತು ಮೊದಲ ಮೂರು ತಿಂಗಳಿಗೆ ನಮ್ಮ ಆಯ್ಕೆ ಸಾದಾ ಫೋಲಿಕ್ ಆಸಿಡ್.

ಮೀಥೈಲ್‌ಫೋಲೇಟ್‌ಗೆ ಒಂದು ಬಲೆಯೂ ಇದೆ. ಅದು ತನ್ನ ಮೀಥೈಲ್ ಗುಂಪನ್ನು ಮೆಥಿಯೋನಿನ್ ಸಿಂಥೇಸ್ ಕಿಣ್ವಕ್ಕೆ ಕೊಟ್ಟ ಮೇಲೆಯೇ ಡಿಎನ್‌ಎ ಕಟ್ಟುವ ಕೆಲಸಕ್ಕೆ ಬರುವುದು. ಆ ಕಿಣ್ವದ ಗೂಟ ಬಿ12. ಬಿ12 ಇಲ್ಲದ ದೇಹಕ್ಕೆ ಮೀಥೈಲ್‌ಫೋಲೇಟ್ ಸುರಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

400 ಮೈಕ್ರೋಗ್ರಾಮೋ, 5 ಮಿಲಿಗ್ರಾಮೋ

ಹೆಚ್ಚಿನವರಿಗೆ ಬೇಕಾದ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಅಂದರೆ 0.4 ಮಿ.ಗ್ರಾಂ. ಅಂಗಡಿಯವರು ಸಲೀಸಾಗಿ ಕೈಗೆ ಕೊಡುವುದು 5 ಮಿ.ಗ್ರಾಂ. ಅದು ಹನ್ನೆರಡೂವರೆ ಪಟ್ಟು. 5 ಮಿ.ಗ್ರಾಂ ಬೇಕಾದವರು ಇದ್ದಾರೆ: ಹಿಂದಿನ ಮಗುವಿಗೆ ನರನಾಳದ ದೋಷ ಇದ್ದವರು, ತಮಗೋ ಗಂಡನಿಗೋ ಆ ದೋಷ ಇರುವವರು, ವಾಲ್‌ಪ್ರೋಯೇಟ್‌ನಂಥ ಫಿಟ್ಸ್ ಮಾತ್ರೆ ನುಂಗುವವರು, ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದವರು, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಇರುವವರು. ಸಿಕಲ್ ಸೆಲ್‌ನವರನ್ನು ಬಿಟ್ಟು ಉಳಿದವರಿಗೂ ಇದು ಸಾಮಾನ್ಯವಾಗಿ ಹನ್ನೆರಡನೇ ವಾರದವರೆಗೆ, ಆಮೇಲೆ ಕಡಿಮೆ ಡೋಸ್. ಫಿಟ್ಸ್ ಮಾತ್ರೆಯನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು.

ಸಮಯದ ಲೆಕ್ಕ ಡೋಸ್‌ಗಿಂತ ಮುಖ್ಯ. ನರನಾಳ ಮುಚ್ಚುವುದು ಗರ್ಭ ಕಟ್ಟಿದ 28ನೇ ದಿನದೊಳಗೆ, ಅಂದರೆ ಮುಟ್ಟು ತಪ್ಪಿ ಹೆಚ್ಚೆಂದರೆ ಎರಡು ವಾರ. ಎರಡನೇ ತಿಂಗಳು ಸ್ಕ್ಯಾನ್ ಆದ ಮೇಲೆ ಶುರುಮಾಡಿದ ಫೋಲಿಕ್ ಆಸಿಡ್ ರಕ್ತಕ್ಕೆ ಒಳ್ಳೆಯದೇ, ನರನಾಳದ ಮಟ್ಟಿಗೆ ತಡ. ಮಗು ಬೇಕು ಎಂದುಕೊಂಡ ತಿಂಗಳಿಂದಲೇ, ಕನಿಷ್ಠ ಒಂದು ತಿಂಗಳು ಮೊದಲು, ಶುರುವಾಗಬೇಕು.

ಸೊಪ್ಪು, ಕಾಳು ತಿಂದರೆ ಸಾಲದೇ? ಊಟದ ಫೋಲೇಟ್ ಬಿಸಿಗೆ ಹಾಳಾಗುತ್ತದೆ, ನೀರಿಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ ನಮ್ಮ ಬಸ್ಸಾರು ಜಾಣ ಅಡುಗೆ. ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದರಿಂದ ನೀರಿಗಿಳಿದದ್ದು ಮತ್ತೆ ತಟ್ಟೆಗೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಬೇಕಾದ ಫೋಲೇಟ್ 570 ಮೈಕ್ರೋಗ್ರಾಂ. ಊಟ ಅದರ ದೊಡ್ಡ ಪಾಲು ಕೊಡಬಹುದು, ಆದರೂ ಆ ಮೊದಲ ವಾರಗಳಲ್ಲಿ ಮಾತ್ರೆಗೆ ಬದಲಿಯಲ್ಲ.

ಬಿ12: ಸಯನೋ, ಮೀಥೈಲ್, ಇಂಜೆಕ್ಷನ್

ನಮ್ಮ ಕಡೆಯ ನಿಜವಾದ ಕೊರತೆ ಫೋಲೇಟ್‌ನದಲ್ಲ, ಬಿ12ನದು. ಮೈಸೂರಿನಲ್ಲಿ ಬಸುರಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 43 ಮಂದಿಗೆ ಬಿ12 ಕಡಿಮೆ ಇತ್ತು. ಫೋಲೇಟ್ ಕಡಿಮೆ ಇದ್ದವರು ಶೇ 4 ಮಾತ್ರ. ಬಿ12 ಕಡಿಮೆ ಇದ್ದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚಿತ್ತು. ಪುಣೆಯ ಅಧ್ಯಯನದಲ್ಲಿ, ಬಸಿರಿನಲ್ಲಿ ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚು ಕಂಡಿತು. ಇಷ್ಟಾದರೂ ಬಿ12 ನೋಡದೆ 5 ಮಿ.ಗ್ರಾಂ ಫೋಲಿಕ್ ಆಸಿಡ್ಡನ್ನು ಒಂಬತ್ತು ತಿಂಗಳೂ ನುಂಗಿಸುವುದು ನಡೆದೇ ಇದೆ. ಹೆಚ್ಚಿನ ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಸರಿಮಾಡಿ ಬಿ12 ಕೊರತೆಯನ್ನು ಮರೆಮಾಡುತ್ತದೆ, ಒಳಗೆ ನರಗಳು ಸವೆಯುತ್ತಲೇ ಇರುತ್ತವೆ.

ಈಗ ರೂಪದ ವಿಷಯ. ಬಿ12 ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಸಯನೋಕೋಬಾಲಮಿನ್ ಅಥವಾ ಮೀಥೈಲ್‌ಕೋಬಾಲಮಿನ್. ‘ಮೀಥೈಲ್‌ಕೋಬಾಲಮಿನ್ ಸಿದ್ಧ ರೂಪ, ನೇರ ಕೆಲಸಕ್ಕೆ ಬರುತ್ತದೆ’ ಎನ್ನುತ್ತಾರೆ. ಜೀವಕೋಶದ ಒಳಗೆ ಎಂಎಂಎಸಿಎಚ್‌ಸಿ ಎಂಬ ಪ್ರೋಟೀನ್ ಸಯನೋ ಇದ್ದರೆ ಸಯನೋ, ಮೀಥೈಲ್ ಇದ್ದರೆ ಮೀಥೈಲ್, ಎರಡನ್ನೂ ಕಿತ್ತುಹಾಕಿ ಬರಿಯ ಕೋಬಾಲಮಿನ್ ಮುಂದೆ ಕಳಿಸುತ್ತದೆ. ಆಮೇಲೆ ಬೇಕಾದ ತಲೆಯನ್ನು ದೇಹವೇ ಕೂರಿಸಿಕೊಳ್ಳುತ್ತದೆ. ನೀವು ದುಡ್ಡು ಕೊಟ್ಟು ತಂದ ಮೀಥೈಲ್ ಬಾಗಿಲಲ್ಲೇ ಕಳಚಿತು. ಇನ್ನು ‘ಸಯನೈಡ್’ ಎಂಬ ಹೆದರಿಕೆ: 1000 ಮೈಕ್ರೋಗ್ರಾಂ ಸಯನೋಕೋಬಾಲಮಿನ್‌ನಲ್ಲಿ ಅದರ ಪಾಲು ಸುಮಾರು 20 ಮೈಕ್ರೋಗ್ರಾಂ, ಲೆಕ್ಕಕ್ಕೇ ಬಾರದಷ್ಟು. ಸಯನೋ ಬೆಳಕು, ಶಾಖಕ್ಕೆ ಹೆಚ್ಚು ತಡೆಯುತ್ತದೆ. ಯಾವುದು ಸಿಕ್ಕರೂ ಸರಿ, ರೂಪಕ್ಕಾಗಿ ಹೆಚ್ಚು ದುಡ್ಡು ಬೇಡ.

ಪ್ರಮಾಣ ಮುಖ್ಯ. ಒಂದು ಸಲಕ್ಕೆ ಕರುಳಿನ ಮುಖ್ಯ ದಾರಿಯಲ್ಲಿ ಒಳಗೆ ಹೋಗುವುದು ಒಂದೂವರೆಯಿಂದ ಎರಡು ಮೈಕ್ರೋಗ್ರಾಂ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಹಾಗೇ ಸೋರಿ ಒಳಸೇರುತ್ತದೆ. 50 ಮೈಕ್ರೋಗ್ರಾಂ ನುಂಗಿದರೆ ಸುಮಾರು 2, 1500 ನುಂಗಿದರೆ 16ರ ಆಸುಪಾಸು. ಬೆಂಗಳೂರಿನ ಪ್ರಯೋಗವೊಂದರಲ್ಲಿ ಬಸುರಿಯರಿಗೆ ದಿನಾ 50 ಮೈಕ್ರೋಗ್ರಾಂ ಬಿ12 ಮಾತ್ರೆಯನ್ನು ಹೆರಿಗೆಯಾದ ಆರು ವಾರದವರೆಗೆ ಕೊಟ್ಟಾಗ ಅವರ ರಕ್ತದಲ್ಲೂ ಎದೆಹಾಲಿನಲ್ಲೂ ಬಿ12 ಏರಿತು. ಸಸ್ಯಾಹಾರಿಗಳಿಗೆ ಇಷ್ಟು ಮೂಲ ಡೋಸ್. ಪರೀಕ್ಷೆಯಲ್ಲಿ ತೀರಾ ಕಡಿಮೆ ಬಂದರೆ, ಕೈಕಾಲು ಜೋಮು ಹಿಡಿಯುತ್ತಿದ್ದರೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಇಂಜೆಕ್ಷನ್ ಸರಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಅಸಿಡಿಟಿಯ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗಿದವರು ಬಿ12 ನೋಡಿಸಿಕೊಳ್ಳಲೇಬೇಕು. ಬಸಿರಿನಲ್ಲಿ ರಕ್ತ ತೆಳುವಾಗಿ ಬಿ12 ಅಂಕಿ ಸಹಜವಾಗಿಯೇ ಇಳಿಯುತ್ತದೆ. ಗಡಿಯಲ್ಲಿರುವ ಅಂಕಿಗೆ ಅನುಮಾನ ಬಂದರೆ ಮೀಥೈಲ್‌ಮೆಲೋನಿಕ್ ಆಸಿಡ್ ಪರೀಕ್ಷೆ ಹೆಚ್ಚು ನಂಬಿಕೆಯದ್ದು. ಬಿ12 ಇಲ್ಲದೆ ನಿಂತ ಕಿಣ್ವದ ಹಿಂದೆ ಅದು ರಾಶಿಬೀಳುತ್ತದೆ.

ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಬರೀ ಎದೆಹಾಲಿನ ಮೇಲಿರುವ ಮಗು ನಾಲ್ಕೈದು ತಿಂಗಳ ನಂತರ ಮಂಕಾಗುವುದು, ನಗು ನಿಲ್ಲಿಸುವುದು, ನಿಂತ ಕತ್ತು ಮತ್ತೆ ವಾಲುವುದು, ಗೆಣ್ಣು ಕಪ್ಪಾಗುವುದು ಕಂಡರೆ ಅದು ‘ಮಗು ಸೌಮ್ಯ’ ಅಂತ ಬಿಡುವ ವಿಷಯವಲ್ಲ.

‘ಆಕ್ಟಿವ್’ ಬಿ6

ದುಬಾರಿ ಸ್ಟ್ರಿಪ್‌ನ ಹಿಂಭಾಗ ಓದಿ. ಎಲ್-ಮೀಥೈಲ್‌ಫೋಲೇಟ್ 1 ಮಿ.ಗ್ರಾಂ, ಮೀಥೈಲ್‌ಕೋಬಾಲಮಿನ್ 1500 ಮೈಕ್ರೋಗ್ರಾಂ, ಪಿರಿಡಾಕ್ಸಲ್ ಫಾಸ್ಫೇಟ್ 0.5 ಮಿ.ಗ್ರಾಂ. ಇದೇ ಸೂತ್ರ ಹತ್ತಾರು ಹೆಸರಲ್ಲಿ ಸಿಗುತ್ತದೆ. ಮೂರನೆಯದು ನಿಜಕ್ಕೂ ಕಿಣ್ವದಲ್ಲಿ ಕೂರುವ ಗೂಟವೇ. ಆದರೆ ಫಾಸ್ಫೇಟ್ ಹೊತ್ತ ಬಿ6 ಕರುಳನ್ನು ದಾಟದು. ಅಲ್ಲಿನ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಫಾಸ್ಫೇಟ್ ಕತ್ತರಿಸಿದ ಮೇಲೆಯೇ ಅದು ಒಳಗೆ ಹೋಗುವುದು, ಒಳಗೆ ಹೋದ ಮೇಲೆ ಇನ್ನೊಂದು ಕಿಣ್ವ ಮತ್ತೆ ಅಂಟಿಸುವುದು. ಹೀಗಾಗಿ ಮೂರು ‘ಆಕ್ಟಿವ್’ಗಳಲ್ಲಿ ರೂಪ ಉಳಿಸಿಕೊಂಡು ಒಳಹೋಗುವುದು ಮೀಥೈಲ್‌ಫೋಲೇಟ್ ಒಂದೇ. ಆ ಮಾತ್ರೆಯಲ್ಲಿ ಕಬ್ಬಿಣವೂ ಇಲ್ಲ ಎನ್ನುವುದನ್ನು ಮರೆಯಬೇಡಿ.

ವಾಂತಿ, ಓಕರಿಕೆಗೆ ಕೊಡುವ ಮಾತ್ರೆಯ ಬಿ6 ಬೇರೆ ಲೆಕ್ಕ. ಡಾಕ್ಸಿಲಮಿನ್ 10, ಪಿರಿಡಾಕ್ಸಿನ್ 10 ಮಿ.ಗ್ರಾಂ ಸೇರಿದ ಮಾತ್ರೆ, ಸಾಮಾನ್ಯವಾಗಿ ರಾತ್ರಿ ಎರಡು. ನಿದ್ದೆ ಬರಿಸುತ್ತದೆ, ಬೆಳಿಗ್ಗೆಯ ಓಕರಿಕೆಗೆ ಅದರ ಹಿಂದಿನ ರಾತ್ರಿಯೇ ನುಂಗಬೇಕು. ದಿನಕ್ಕೆ ಒಟ್ಟು ಬಿ6 100 ಮಿ.ಗ್ರಾಂ ದಾಟಿ ತಿಂಗಳುಗಟ್ಟಲೆ ನಡೆದರೆ ಕಾಲಿನ ನರಗಳೇ ಕೆಡಬಹುದು. ಮಲ್ಟಿ, ಬಿ ಕಾಂಪ್ಲೆಕ್ಸ್, ವಾಂತಿ ಮಾತ್ರೆ ಮೂರನ್ನೂ ಕೂಡಿಸಿ ನೋಡಿ.

ಕೆಂಪು ಮಾತ್ರೆ ಅಥವಾ ಮಲ್ಟಿವಿಟಮಿನ್

ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ. ವಿಶ್ವಸಂಸ್ಥೆಯ ಹದಿನೈದು ಪೋಷಕಗಳ ಮಾತ್ರೆಯಲ್ಲಿ ಕಬ್ಬಿಣ 30 ಮಿ.ಗ್ರಾಂ, ಜೊತೆಗೆ ಬಿ1, ಬಿ2, ಬಿ12, ಸತು, ಅಯೋಡಿನ್ ಎಲ್ಲ ದಿನದ ಅಗತ್ಯದಷ್ಟು. ಖಾಸಗಿ ಮಲ್ಟಿಗಳಲ್ಲಿ ಕಬ್ಬಿಣ ಎಷ್ಟಾದರೂ ಇರಬಹುದು, ಕೆಲವಲ್ಲಿ ಇಲ್ಲವೇ ಇಲ್ಲ. ರಕ್ತಹೀನತೆ ನಮ್ಮಲ್ಲಿ ಇರುವ ಮಟ್ಟಕ್ಕೆ ಕೆಂಪು ಮಾತ್ರೆಯನ್ನು ಬಿಟ್ಟು ಮಲ್ಟಿ ಹಿಡಿಯುವುದು ಹೆಚ್ಚಿನವರಿಗೆ ನಷ್ಟ. ಕೆಂಪು ಮಾತ್ರೆ, ಅದರ ಮೇಲೆ ಬಿ12 ಇರುವ ಸಾಧಾರಣ ಬಿ ಕಾಂಪ್ಲೆಕ್ಸ್: ಇದು ಅಗ್ಗದ, ನಮ್ಮ ಊಟಕ್ಕೆ ಹೊಂದುವ ಜೋಡಿ.

ಕೆಡುವುದು ಮಾತ್ರೆಯಿಂದಲ್ಲ, ಹೊತ್ತಿನಿಂದ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಒಳಹೋಗದು. ಹೀಗೆ ಇಡಬಹುದು:

ಬೆಳಿಗ್ಗೆ ಎದ್ದಕೂಡಲೇ ಥೈರಾಯ್ಡ್ ಮಾತ್ರೆ, ಇದ್ದವರಿಗೆ. ಅದಾದ ನಾಲ್ಕು ಗಂಟೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಬೇಡ.
ಮಧ್ಯಾಹ್ನದ ಊಟದ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು. ಸರ್ಕಾರಿ ಮಾತ್ರೆಯಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ, 250 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ3.
ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ಕಬ್ಬಿಣ, ನಿಂಬೆ ನೀರಿನ ಜೊತೆ. ಆಚೀಚೆ ಒಂದು ಗಂಟೆ ಕಾಫಿ, ಚಹಾ, ಹಾಲು ಬೇಡ.

ಕಬ್ಬಿಣ ನುಂಗುವಾಗ ಮಲ ಕಪ್ಪಾಗುವುದು ಸಹಜ.

ವಿಟಮಿನ್ ಎ: ಲೇಬಲ್‌ನಲ್ಲಿ ಯಾವ ಪದ ಇದೆ

ಇಲ್ಲಿ ರೂಪವೇ ಎಲ್ಲ. ರೆಟಿನಾಲ್, ಪಾಲ್ಮಿಟೇಟ್, ಅಸಿಟೇಟ್ ಎಂದಿದ್ದರೆ ಅದು ಸಿದ್ಧ ವಿಟಮಿನ್ ಎ. ದೇಹದ ಕಿಣ್ವಗಳು ಅದನ್ನು ರೆಟಿನೋಯಿಕ್ ಆಸಿಡ್ ಮಾಡುತ್ತವೆ, ಅದು ಹೆಚ್ಚಾದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಅಂಗರಚನೆ ಕೆಡುತ್ತದೆ. ದಿನದ ಮಿತಿ 10,000 ಐಯು, ಅಂದರೆ 3000 ಮೈಕ್ರೋಗ್ರಾಂ. ಬೀಟಾ ಕೆರೋಟಿನ್ ಎಂದಿದ್ದರೆ ಹೆದರಿಕೆ ಇಲ್ಲ. ಅದನ್ನು ಸೀಳುವ ಕಿಣ್ವ, ದೇಹದಲ್ಲಿ ವಿಟಮಿನ್ ಎ ಸಾಕಷ್ಟಿದ್ದಾಗ ತಾನೇ ನಿಧಾನವಾಗುತ್ತದೆ. ಬಸುರಿಗೆ ಬೀಟಾ ಕೆರೋಟಿನ್ ಇರುವ ಮಾತ್ರೆಯೇ ಸರಿ. ಕಾಡ್ ಲಿವರ್ ಎಣ್ಣೆ ಬೇಡ. ‘ರಕ್ತ ಬರಲಿ’ ಎಂದು ವಾರವಿಡೀ ಕುರಿ, ಮೇಕೆ ಲಿವರ್ ತಿನ್ನಿಸುವುದೂ ಬೇಡ, ಒಂದು ತಟ್ಟೆ ಲಿವರ್ ಮಿತಿಯನ್ನು ಸುಲಭವಾಗಿ ದಾಟಿಸುತ್ತದೆ.

ಬಾಣಂತನದ ಪಥ್ಯ ಮತ್ತು ಬಿ1

ಬಾಣಂತನದಲ್ಲಿ ಬಹುಪಾಲು ಮನೆಗಳು ಎಡವುವುದು ಇಲ್ಲಿ. ತಿಂಗಳೆರಡು ತಿಂಗಳು ಪಾಲಿಶ್ ಅಕ್ಕಿಯ ಅನ್ನ, ಮೆಣಸಿನ ಸಾರು, ತುಪ್ಪ. ಕಾಳು ವಾಯು, ಸೊಪ್ಪು ಶೀತ, ಹಣ್ಣು ನೆಗಡಿ. ಅನ್ನದ ಗಂಜಿ ಬಸಿದು ಚೆಲ್ಲಿದರೆ ಅಕ್ಕಿಯಲ್ಲಿ ಉಳಿದಿದ್ದ ಚೂರು ಬಿ1 ಕೂಡ ಹೋಯಿತು. ಮೇಲೆ ಊಟಕ್ಕೊಮ್ಮೆ ಎಲೆ ಅಡಿಕೆ. ಅಡಿಕೆ ಮತ್ತು ಚಹಾದ ಒಗರು ಬಿ1ನ್ನು ಕೆಡಿಸುತ್ತದೆ.

ಬಿ1 ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವದ ಗೂಟ. ಅನ್ನದ ಸಕ್ಕರೆ ಶಕ್ತಿಯಾಗಬೇಕಾದರೆ ಅದು ತಿರುಗಬೇಕು. ಹೆಚ್ಚು ಅನ್ನ ಉಂಡಷ್ಟೂ ಬಿ1 ಹೆಚ್ಚು ಬೇಕು. ತಾಯಿ ಸುಸ್ತಿನಲ್ಲೇ ತಡೆದುಕೊಳ್ಳುತ್ತಾಳೆ, ಎದೆಹಾಲಿನ ಬಿ1 ಕುಸಿದು ಪೆಟ್ಟು ಬೀಳುವುದು ಎರಡು ಮೂರು ತಿಂಗಳ ಮಗುವಿಗೆ. ಹಾಲು ಬಿಡುವುದು, ವಾಂತಿ, ಅಳುವಾಗ ದನಿ ಕಟ್ಟಿ ಬರೀ ಬಾಯಿ ತೆರೆಯುವುದು, ಏದುಸಿರು. ಬೆಂಗಳೂರಿನ ಮಕ್ಕಳ ಹೃದ್ರೋಗ ವೈದ್ಯರು ಇಂಥ ಮಕ್ಕಳ ವರದಿ ಪ್ರಕಟಿಸಿದ್ದಾರೆ: ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿ ಬಂದ, ಬರೀ ಎದೆಹಾಲಿನ ಮೇಲಿದ್ದ ಶಿಶುಗಳು, ಪಥ್ಯದಲ್ಲಿದ್ದ ತಾಯಂದಿರು. ಬಿ1 ಇಂಜೆಕ್ಷನ್ ಕೊಟ್ಟ ಮೇಲೆ ಮಕ್ಕಳು ಬೇಗ ಚೇತರಿಸಿಕೊಂಡವು. ಈ ಲಕ್ಷಣ ಕಂಡರೆ ಮನೆಯಲ್ಲಿ ಮಾತ್ರೆ ಅರೆದು ಕುಡಿಸಬೇಡಿ, ಅದೇ ಗಂಟೆಗೆ ಆಸ್ಪತ್ರೆ.

ತಡೆಯುವುದು ಸುಲಭ. ಬಾಣಂತಿಗೆ ಬೇಕಿರುವುದು ದಿನಕ್ಕೆ ಸುಮಾರು 2 ಮಿ.ಗ್ರಾಂ ಬಿ1, 10 ಮಿ.ಗ್ರಾಂ ಇರುವ ಸಾದಾ ಬಿ ಕಾಂಪ್ಲೆಕ್ಸ್ ಧಾರಾಳ ಸಾಕು. ಅಕ್ಕಿಯಲ್ಲಿ ಆಯ್ಕೆ ಮಾಡುವುದಾದರೆ ಕರಾವಳಿಯ ಕುಚ್ಚಲಕ್ಕಿ, ಬಿಳಿ ಸೋನಾ ಮಸೂರಿಗಿಂತ ಮೇಲು. ಭತ್ತ ಕುದಿಯುವಾಗಲೇ ತೌಡಿನ ಬಿ1 ಕಾಳಿನ ಒಳಕ್ಕಿಳಿದಿರುತ್ತದೆ. ಅತ್ತೆ ‘ಕಾಳು ಬೇಡಮ್ಮ’ ಎಂದರೆ ಹೆಸರುಬೇಳೆ ತೊವ್ವೆಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ, ಅಲ್ಲಿಂದ ಶುರುಮಾಡಿ.

ಡಿ ಮತ್ತು ಕೆ: ತಾಯಿಗೋ ಮಗುವಿಗೋ

ತಾಯಿ ಮಾಮೂಲಿ ಡೋಸ್ ನುಂಗಿದರೆ ಎದೆಹಾಲಿನ ಡಿ ಮಗುವಿಗೆ ಸಾಲದು. ಮಗುವಿಗೇ ದಿನಕ್ಕೆ 400 ಐಯು ಹನಿ, ಒಂದು ವರ್ಷದವರೆಗೆ. ಇನ್ನೊಂದು ದಾರಿ, ತಾಯಿಯೇ ದಿನಕ್ಕೆ 6400 ಐಯು ತೆಗೆದುಕೊಳ್ಳುವುದು. 2015ರ ಅಮೆರಿಕದ ಪ್ರಯೋಗದಲ್ಲಿ ಎರಡೂ ಸಮವಾದವು. ಆದರೆ ಹಾಲಿಗೆ ಸೇರುವುದು ಯಕೃತ್ತಿನ ಕಿಣ್ವ ಮುಟ್ಟುವ ಮೊದಲಿನ ಡಿ, ಅದು ರಕ್ತದಲ್ಲಿ ಒಂದೆರಡು ದಿನ ಮಾತ್ರ ಇರುತ್ತದೆ. ತಿಂಗಳಿಗೊಮ್ಮೆಯ 60,000 ಐಯು ಸ್ಯಾಶೆ ತಾಯಿಗೆ ಸಾಕಾದರೂ ಹಾಲಿಗೆ ಆಗದು. ನಮ್ಮ ಮತ ಮಗುವಿನ ಹನಿಗೆ. ಬಾಟಲಿ ಓದಿ: ಒಂದು ಮಿ.ಲೀ.ಗೆ 400 ಐಯು ಇರುವುದೂ ಇದೆ, 800 ಇರುವುದೂ ಇದೆ. ವಾರಕ್ಕೊಮ್ಮೆಯ 60,000ದ ಸ್ಯಾಶೆಯನ್ನು ದಿನಾ ತೆಗೆದುಕೊಂಡು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರು ಇದ್ದಾರೆ.

ಕೆ ವಿಷಯದಲ್ಲಿ ಆಯ್ಕೆಯೇ ಇಲ್ಲ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಸಿದ್ಧಮಾಡುವ ಕಿಣ್ವಕ್ಕೆ ಕೆ ಬೇಕು, ಅದು ಮಾಸು ದಾಟುವುದು ತೀರಾ ಕಡಿಮೆ, ಎದೆಹಾಲಿನಲ್ಲೂ ಕಡಿಮೆ. ಹುಟ್ಟಿದ ಕೂಡಲೇ ಮಗುವಿನ ತೊಡೆಗೆ 1 ಮಿ.ಗ್ರಾಂ ಇಂಜೆಕ್ಷನ್ ಬೀಳಬೇಕು.

ಕೂದಲು ಮಾತ್ರೆ ಮತ್ತು ಲ್ಯಾಬ್ ರಿಪೋರ್ಟ್

ಕೊನೆಯ ತಿಂಗಳುಗಳ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎರಡು ಪಟ್ಟು ಇದ್ದರೆ ಮೊದಲು ನೆನಪಾಗಬೇಕಾದ್ದು ಮಾಸು. ಆ ಕಿಣ್ವವನ್ನು ಮಾಸೇ ತಯಾರಿಸುತ್ತದೆ, ಹೆರಿಗೆಯಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಉಳಿದ ಲಿವರ್ ಅಂಕಿಗಳು ಸರಿಯಿದ್ದರೆ, ಮೈ ತುರಿಕೆ ಇಲ್ಲದಿದ್ದರೆ, ಇದೊಂದೇ ಅಂಕಿಗೆ ಡಿ ಕೊರತೆಯೆಂದೋ ಲಿವರ್ ಕಾಯಿಲೆಯೆಂದೋ ಮಾತ್ರೆ ಏರಿಸಬೇಕಿಲ್ಲ.

ಹೆರಿಗೆಯಾದ ಮೂರನೇ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಆಗ ಬಯೋಟಿನ್ ಎಂಬ ಬಿ ವಿಟಮಿನ್‌ನ 10 ಮಿ.ಗ್ರಾಂ ಮಾತ್ರೆ ಮನೆಗೆ ಬರುತ್ತದೆ. ಬಾಣಂತಿಗೆ ದಿನಕ್ಕೆ ಬೇಕಿರುವುದು 35 ಮೈಕ್ರೋಗ್ರಾಂ. ಕೂದಲು ಆ ಮಾತ್ರೆ ಇಲ್ಲದೆಯೂ ಒಂದು ವರ್ಷದೊಳಗೆ ಸಾಮಾನ್ಯವಾಗಿ ಮರಳುತ್ತದೆ. ತೊಂದರೆ ಬೇರೆ ಕಡೆ ಇದೆ. ಎಷ್ಟೋ ಲ್ಯಾಬ್ ಯಂತ್ರಗಳು ಥೈರಾಯ್ಡ್ ಅಳೆಯಲು ಬಯೋಟಿನ್ನಿನ ಅಂಟುಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಟಿಎಸ್‌ಎಚ್ (ಥೈರಾಯ್ಡನ್ನು ನಡೆಸುವ ಹಾರ್ಮೋನ್) ಸುಳ್ಳೇ ಕಡಿಮೆ, ಟಿ4 (ಥೈರಾಯ್ಡಿನದೇ ಹಾರ್ಮೋನ್) ಸುಳ್ಳೇ ಹೆಚ್ಚು ತೋರಿಸುತ್ತದೆ. ಬಾಣಂತಿಯರ ನಿಜವಾದ ಥೈರಾಯ್ಡ್ ಉರಿಯೂತ ಕಾಣಿಸುವುದೂ ಇದೇ ತಿಂಗಳುಗಳಲ್ಲಿ, ಆರಂಭದಲ್ಲಿ ಅದರ ರಿಪೋರ್ಟೂ ಹೀಗೇ ಇರುತ್ತದೆ. ಪರೀಕ್ಷೆಗೆ ಮೊದಲು ಎರಡು ಮೂರು ದಿನ ಬಯೋಟಿನ್ ಬಿಡಿ, ರಕ್ತ ಕೊಡುವಾಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನು ಕೌಂಟರಿನಲ್ಲಿ ತೋರಿಸಿ ಬರೆಸಿ.